ಕರ್ನಲ್‌ನ ಮರದಲ್ಲಿ ಹಸಿರು ಹಕ್ಕಿ

ವಿಚಾರಣೆಗೆ ಬಾ ಎಂದು ಕರೆದರೆ ಫ್ರೇಸಿಯಾ ಒಂದು ತಟ್ಟೆ ತುಂಬ ಲಾಬ್‌ಸ್ಟರ್ ಕಡುಬು ಹಿಡಿದುಕೊಂಡು ಬಂದಳು.

"ಬಿಸಿಯಿದೆ ಅಕ್ಕ, ತಿನ್ನು. ಬೆಳಗ್ಗಿಂದ ಏನೂ ತಿಂದಿರಲ್ಲ ನೀನು," ಎಂದು ತಟ್ಟೆಯನ್ನು ನನ್ನ ಕಡತಗಳ ಮೇಲೆಯೇ ಇಟ್ಟಳು.

"ಇದು ಪೊಲೀಸ್ ಠಾಣೆ ಕಣೆ. ಇಲ್ಲಿ ನಾನು ನಿನ್ನ ಅಕ್ಕ ಅಲ್ಲ."

"ಸರಿ. ಸಾರ್ಜೆಂಟ್ ಎದೆಲ್ಮಿರಾ ಅವರೇ, ಬಿಸಿಯಿದೆ, ತಿನ್ನಿ."

ಇವಳು ನನ್ನ ಚಿಕ್ಕಪ್ಪನ ಮಗಳು. ತಾಯಿ ಸತ್ತ ಮೇಲೆ ಖಂಡದ ಬಂದರು ವಾಲ್ಪರೈಸೊದಿಂದ ಹಡಗು ಹತ್ತಿಸಿ ನಮ್ಮ ದ್ವೀಪಕ್ಕೆ ಕಳಿಸಿದ್ದರು. ನನ್ನ ಹಾಸಿಗೆಯಲ್ಲೇ ಮಲಗಿ, ನನ್ನ ಹಳೇ ಅಂಗಿಗಳನ್ನೇ ತೊಟ್ಟು ಬೆಳೆದವಳು. ಹಿಂದಿನಿಂದ ನೋಡಿದರೆ ಊರಿನವರು ಇವತ್ತಿಗೂ ನಮ್ಮಿಬ್ಬರನ್ನು ಅದಲುಬದಲು ಮಾಡುತ್ತಾರೆ. ಹೋದ ವರ್ಷ ನನ್ನ ಗಂಡ ಉಲಿಸೆಸ್ ಕೂಡ ಅದಲುಬದಲು ಮಾಡಿದ. ಅವನು ಮಾತ್ರ ಮುಂದಿನಿಂದ ನೋಡಿಯೇ ಮಾಡಿದ್ದು.

ಹಾಗಾಗಿ ನಾನು ಅವಳ ಕಡುಬು ಮುಟ್ಟಲಿಲ್ಲ. ವಾಸನೆ ಮಾತ್ರ ಮೂಗಿಗೆ ಬಡಿಯುತ್ತಿತ್ತು. ಅಜ್ಜಿ ಹಾಕುತ್ತಿದ್ದ ಹಾಗೇ ಈರುಳ್ಳಿ ಹುರಿದು ಹಾಕಿದ್ದಳು. ನನಗೆ ಆ ಹದ ಯಾವತ್ತೂ ಕೈಗೆ ಹತ್ತಲಿಲ್ಲ, ಅದೂ ಒಂದು ಹೊಟ್ಟೆಯುರಿ.

ಪಕ್ಷಿತಜ್ಞ ತೊಮಾಸ್‌ನ ಹೆಣ ಲೂಮಾ ಕಣಿವೆಯ ಬುಡದಲ್ಲಿ ಸಿಕ್ಕಾಗ ಅವನ ಕೊರಳಲ್ಲಿ ಕ್ಯಾಮೆರಾ ಇತ್ತು. ಬಿದ್ದು ಸತ್ತದ್ದಲ್ಲ, ಬೀಳುವ ಮುಂಚೆಯೇ ತಲೆಯ ಹಿಂಭಾಗಕ್ಕೆ ಏಟು ಬಿದ್ದಿತ್ತು ಎಂದು ವೈದ್ಯರು ಬರೆದಿದ್ದರು. ಕ್ಯಾಮೆರಾದ ಕೊನೆಯ ಫೋಟೋದಲ್ಲಿ ಇದ್ದದ್ದು ಒಂದು ಹಕ್ಕಿ. ಎಲೆಕೋಸಿನಂಥ ಅಗಲ ಎಲೆಗಳ ಕೋಸುಮರದ ಜೋತುಬಿದ್ದ ಕಿತ್ತಳೆ ಹೂವಿಗೆ ಕೊಕ್ಕು ಹಾಕಿ ಕೂತ, ಹಸಿರು ಬೆನ್ನಿನ ಪುಟ್ಟ ಝೇಂಕಾರದ ಹಕ್ಕಿ, ಹಮ್ಮಿಂಗ್‌ಬರ್ಡ್.

"ಇದು ನಮ್ಮ ಅಂಗಳದ್ದೇ," ಎಂದು ಅವನಿಗೆ ಕೋಣೆ ಬಾಡಿಗೆ ಕೊಟ್ಟಿದ್ದ ಫ್ರೇಸಿಯಾ ಅವತ್ತೇ ಹೇಳಿದ್ದಳು. ಕ್ಯಾಮೆರಾದ ಪುಟ್ಟ ಪರದೆಯನ್ನು ನಾನು ಸರಿಯಾಗಿ ತಿರುಗಿಸುವಷ್ಟರಲ್ಲೇ ಹೇಳಿಬಿಟ್ಟಿದ್ದಳು. "ಬೆಳಗ್ಗೆ ನಮ್ಮ ಮರದ ಹತ್ತಿರ ಫೋಟೋ ತೆಗೆದ, ಟೀ ಕುಡಿದ, ಒಬ್ಬನೇ ಬೆಟ್ಟ ಹತ್ತಿಕೊಂಡು ಹೋದ."

ಈ ಮಾತಿನಿಂದ ಅವಳು ತನ್ನ ಕೊರಳಿಗೆ ತಾನೇ ಹಗ್ಗ ಹಾಕಿಕೊಂಡಳು. ತೊಮಾಸ್ ಹೆಜ್ಜೆಗೊಂದು ಫೋಟೋ ತೆಗೆಯುವ ಆಸಾಮಿ. ಕಲ್ಲು ಕಂಡರೆ ಕಲ್ಲು, ಜೇಡ ಕಂಡರೆ ಜೇಡ. ಅಂಥವನು ಇಡೀ ಬೆಟ್ಟ ಹತ್ತಿ ಇಳಿದು, ಕಣಿವೆಯವರೆಗೆ ಒಂದೂ ಫೋಟೋ ತೆಗೆಯದೆ ನಡೆದನೆಂದರೆ ಯಾರು ನಂಬುತ್ತಾರೆ? ಕೊನೆಯ ಫೋಟೋ ಅವಳ ಅಂಗಳದ್ದಾದರೆ ಅವನು ಸತ್ತದ್ದೂ ಅವಳ ಅಂಗಳದಲ್ಲೇ. ಆಮೇಲೆ ಹೆಣ ಸಾಗಿಸಲು ಅವಳಿಗೆ ಕುದುರೆಯಿದೆ. ಹಿಂದಿನ ಸಂಜೆ ಅಂಗಡಿಯ ಮುಂದೆ ಅವರಿಬ್ಬರೂ ಜಗಳವಾಡಿದ್ದನ್ನು ಊರೇ ನೋಡಿದೆ. ಅವಳ ಬೆಕ್ಕು ಗೂಡಿನಲ್ಲಿದ್ದ ಹಕ್ಕಿಮರಿಯನ್ನು ತಿಂದಿತ್ತು, ಆ ಬೆಕ್ಕನ್ನು ಕೊಲ್ಲಬೇಕು ಎಂದು ಅವನು, ಕೊಂದರೆ ನಿನ್ನನ್ನೂ ಬಿಡಲ್ಲ ಎಂದು ಅವಳು.

ಬೆಕ್ಕಿಗಾಗಿ ಯಾರಾದರೂ ಕೊಲೆ ಮಾಡುತ್ತಾರೆಯೇ ಎಂದು ನೀವು ಕೇಳಬಹುದು. ಬೇರೆಯವರಾಗಿದ್ದರೆ ನಾನೂ ಕೇಳುತ್ತಿದ್ದೆ. ಫ್ರೇಸಿಯಾ ಮಾಡಿರಲಿ ಎಂದು ನನ್ನ ಮನಸ್ಸು ಹಾರೈಸುತ್ತಿತ್ತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಕಿಟಕಿಯಾಚೆ ಕೊಲ್ಲಿಯಲ್ಲಿ ಖಂಡಕ್ಕೆ ಹೋಗುವ ಹಡಗು ನಿಂತಿತ್ತು. ಲಾಬ್‌ಸ್ಟರ್ ಪೆಟ್ಟಿಗೆಗಳನ್ನು ತುಂಬುತ್ತಿದ್ದರು, ಕಟ್ಟೆಯ ಮೇಲೆ ಉಲಿಸೆಸ್ ಕೂಡ ನಿಂತಿದ್ದ. ವಾಲ್ಪರೈಸೊದ ಇನ್ಸ್‌ಪೆಕ್ಟರ್ ಲಾರ್ರೈನ್ ರೇಡಿಯೋದಲ್ಲಿ ಸ್ಪಷ್ಟವಾಗಿ ಹೇಳಿದ್ದರು: ಫೋಟೋ ಅವಳ ಅಂಗಳದ್ದೇ ಎಂದು ಖಚಿತಪಡಿಸಿ, ಅವಳನ್ನು ಇವತ್ತಿನ ಹಡಗಿಗೇ ಹತ್ತಿಸಿ. ಹಡಗು ಹೊರಡುವ ಮುಂಚೆ ಅವರು ಮತ್ತೆ ಕರೆಯುವವರಿದ್ದರು.

ಖಚಿತಪಡಿಸುವುದು ಇನ್ನೇನಿದೆ? ಅವಳ ಎದುರಿಗೇ ಫೋಟೋವನ್ನು ದೊಡ್ಡ ಪರದೆಯಲ್ಲಿ ತೋರಿಸಿ, ಹೇಳಿಕೆಗೆ ಸಹಿ ಹಾಕಿಸಿಕೊಳ್ಳೋಣ ಎಂದು ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿದೆ.

"ನೋಡು. ಇದೇ ತಾನೆ?"

"ಅವತ್ತೇ ಹೇಳಿದ್ನಲ್ಲ."

"ಇದು ಯಾವ ಹಕ್ಕಿ?"

"ಇನ್ಯಾವುದು, ಹಸಿರು. ಖಂಡದ್ದು." ಅವಳು ನಕ್ಕಳು. "ನನ್ನ ಹಾಗೆ."

ನಮ್ಮ ದ್ವೀಪದಲ್ಲಿ ಝೇಂಕಾರದ ಹಕ್ಕಿ ಎರಡೇ ಜಾತಿ. ಒಂದು ಕೆಂಪು, ಪ್ರಪಂಚದಲ್ಲಿ ನಮ್ಮಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಇನ್ನೊಂದು ಹಸಿರು, ನಮ್ಮ ಮುತ್ತಜ್ಜಂದಿರ ಕಾಲದಲ್ಲೋ ಅದಕ್ಕೂ ಮುಂಚೆಯೋ ಖಂಡದಿಂದ ಸಮುದ್ರ ದಾಟಿ ಬಂದು, ಇದ್ದಬದ್ದ ಹೂವಿನ ಮೇಲೆಲ್ಲ ಕೂತುಬಿಟ್ಟದ್ದು. ಎರಡೂ ದಾಯಾದಿಗಳು. ಅದಕ್ಕೇ ಇಷ್ಟು ಜಗಳ. ಒಬ್ಬರಿಗೊಬ್ಬರು ಸಂಬಂಧವಿಲ್ಲದವರು ಒಂದೇ ಹೂವಿಗೆ ಹೀಗೆ ಕಚ್ಚಾಡುವುದಿಲ್ಲ.

ಫ್ರೇಸಿಯಾಳ ಅಂಗಳದ ಕೋಸುಮರಕ್ಕೆ ಒಬ್ಬ ಯಜಮಾನನಿದ್ದಾನೆ. ಇಟ್ಟಿಗೆ ಬಣ್ಣದ ಗಂಡು ಹಕ್ಕಿ, ನೆತ್ತಿಯಲ್ಲಿ ಬೆಂಕಿ. ಊರಿನವರು ಅದಕ್ಕೆ ಕರ್ನಲ್ ಎಂದು ಹೆಸರಿಟ್ಟಿದ್ದಾರೆ. ದಿನವಿಡೀ ಒಂದೇ ಕೊಂಬೆಯ ಮೇಲೆ ಕೂತು ಪಹರೆ ಕಾಯುವುದೇ ಅದರ ಕಸುಬು. ಹಸಿರು ಹಕ್ಕಿಗಳು ಸಣ್ಣವು, ಚುರುಕು. ಕರ್ನಲ್ ಆ ಕಡೆ ತಿರುಗಿದಾಗ ಈ ಕಡೆಯಿಂದ ನುಗ್ಗಿ ಎರಡು ಗುಟುಕು ಹೀರಿ ಓಡುತ್ತವೆ. ಹಾಗಾಗಿ ಹಸಿರು ಹಕ್ಕಿಯ ಫೋಟೋ ಎಂದಾಗ ನನಗೂ ಅನುಮಾನ ಬಂದಿರಲಿಲ್ಲ.

ಆದರೆ ಪರದೆಯ ಮೇಲಿನ ಹಕ್ಕಿ ಓಡುವ ಆತುರದಲ್ಲಿ ಇರಲಿಲ್ಲ. ರೆಕ್ಕೆ ಮಡಚಿ, ಹೂವಿನ ತೊಟ್ಟಿನ ಮೇಲೆ ಆರಾಮಾಗಿ ಕೂತಿತ್ತು. ನಾನು ಚಿತ್ರವನ್ನು ಇನ್ನಷ್ಟು ದೊಡ್ಡದು ಮಾಡಿದೆ.

ಕ್ಯಾಮೆರಾದ ಬೆರಳಗಲದ ಪರದೆಯಲ್ಲಿ ಬೆನ್ನಿನ ಹಸಿರು ಮಾತ್ರ ಕಂಡಿತ್ತು. ಈಗ ನೆತ್ತಿಯೂ ಕಂಡಿತು. ಹಸಿರು ಹಕ್ಕಿಗೆ, ಗಂಡಾದರೆ ಹಣೆಯಲ್ಲಿ ಕೆಂಪು ಇರುತ್ತದೆ, ಹೆಣ್ಣಾದರೆ ನೆತ್ತಿಯೂ ಬೆನ್ನಿನಂತೆ ಹಸಿರೇ. ಇದರ ನೆತ್ತಿ ನೀಲಿ. ಬಿಸಿಲು ಬಿದ್ದ ಕಡೆ ನೇರಳೆಗೆ ತಿರುಗುವ ಮಿಂಚುನೀಲಿ. ಹಸಿರು ಹಕ್ಕಿಯ ಹೊಟ್ಟೆ ಮಾಸಲು, ಒಗೆಯದ ಅಂಗಿಯ ಬಣ್ಣ. ಇದರದ್ದು ಅಚ್ಚ ಬಿಳಿ, ಅದರ ಮೇಲೆ ಚಿಮುಕಿಸಿದ ಹಾಗೆ ಹಸಿರು ಚುಕ್ಕೆ. ಮೈ ಕೂಡ ಒಂದು ಕೈ ಹೆಚ್ಚೇ ದಪ್ಪ.

ಇದು ಖಂಡದ ಹಸಿರಲ್ಲ. ನಮ್ಮ ಕೆಂಪು ಹಕ್ಕಿಯ ಹೆಂಡತಿ.

ಗಂಡಿಗೂ ಹೆಣ್ಣಿಗೂ ಹೋಲಿಕೆಯೇ ಇಲ್ಲದ ಜೋಡಿ ಅದು. ಮೊದಲು ನೋಡಿದ ಪಂಡಿತರು ಗಂಡುಹೆಣ್ಣನ್ನೇ ಎರಡು ಬೇರೆ ಜಾತಿ ಎಂದು ಬರೆದಿಟ್ಟಿದ್ದರಂತೆ. ಅವರು ದೂರದವರು, ಬಿಡಿ. ನಾನು ಇಲ್ಲೇ ಹುಟ್ಟಿದವಳು. ಹೆಣ್ಣು ಹಕ್ಕಿಯನ್ನು ನೋಡಿದೊಡನೆ ಹೇಳಬೇಕಿತ್ತು. ಫ್ರೇಸಿಯಾಳ ಅಂಗಳವೇ ಆಗಲಿ ಎಂಬ ಆಸೆ ಕಣ್ಣಿಗೆ ಅಡ್ಡ ಬಂತು.

"ಫ್ರೇಸಿಯಾ, ಕರ್ನಲ್ ತನ್ನ ಮರಕ್ಕೆ ಹೆಣ್ಣನ್ನ ಬಿಡ್ತಾನಾ?"

ಅವಳು ತಟ್ಟೆಯನ್ನು ನನ್ನ ಕಡೆ ಸರಿಸುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾಕೆ?"

"ಕೇಳಿದ್ದಕ್ಕೆ ಹೇಳು."

"ಅವನು ಯಾರನ್ನೂ ಬಿಡಲ್ಲ. ಸ್ವಂತ ಹೆಂಡ್ತಿನೂ ಅಟ್ಟಿಸಿಕೊಂಡು ಹೋಗ್ತಾನೆ. ಗಂಡಸ್ರ ಬುದ್ಧಿ."

"ಹಾಗಾದ್ರೆ ಇವಳು ನಿನ್ನ ಅಂಗಳದಲ್ಲಿ ಇಷ್ಟು ಆರಾಮಾಗಿ ಹೇಗೆ ಕೂತಳು?"

ಅವಳು ಪರದೆಯನ್ನು ನೋಡಲಿಲ್ಲ. ನನ್ನನ್ನೇ ನೋಡಿದಳು. "ಅವತ್ತು ಕರ್ನಲ್ ಎಲ್ಲೋ ಹೋಗಿದ್ದ."

"ಕರ್ನಲ್ ಎಲ್ಲೋ ಹೋಗೋದು ಅಂದ್ರೆ ಸತ್ತ ಮೇಲೇ. ಇವತ್ತು ಬೆಳಗ್ಗೆ ಅವನನ್ನ ನಿನ್ನ ಮರದಲ್ಲಿ ಕಣ್ಣಾರೆ ನೋಡಿದೀನಿ."

"ನಮ್ಮ ಬೇಲಿ ಹತ್ತಿರ ಯಾಕೆ ಬಂದಿದ್ದೆ?"

ದಿನಾ ಹೋಗುತ್ತೇನೆ. ಉಲಿಸೆಸ್‌ನ ಬೂಟು ಅವಳ ಬಾಗಿಲಲ್ಲಿ ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತೇನೆ.

"ಹೆಣ್ಣು ಹಕ್ಕಿ ನೆಮ್ಮದಿಯಾಗಿ ಕೂರೋ ಕೋಸುಮರ ಈ ದ್ವೀಪದಲ್ಲಿ ಒಂದೇ," ಎಂದೆ. "ಲೂಮಾ ಕಣಿವೆಯ ಮೇಲಿನ ಅಂಚಿನಲ್ಲಿ ತೊಮಾಸ್ ನೆಟ್ಟಿದ್ದು. ಗೂಡು ಕಟ್ಟೋ ಹೆಣ್ಣುಗಳಿಗೆ ಅಂತಲೇ ನೆಟ್ಟ. ಅಲ್ಲಿಂದಲೇ ಅವನು ಬಿದ್ದಿದ್ದು."

"ಎಲ್ಲಾ ಹಸಿರು ಹಕ್ಕಿ ಒಂದೇ ಥರ ಕಾಣತ್ತೆ ಅಕ್ಕ. ನಿನಗೆ ಕಣ್ಣು ಮಂಜಾಗ್ತಿದೆ, ವಯಸ್ಸಾಯ್ತಲ್ಲ."

ನನಗಿಂತ ಬರೀ ಮೂರು ವರ್ಷಕ್ಕೆ ಚಿಕ್ಕವಳು.

ಆಗ ನನಗೆ ಇನ್ನೊಂದು ಹೊಳೆಯಿತು. ಫೋಟೋದ ಒಂದು ಮೂಲೆಯಲ್ಲಿ, ಕೋಸುಮರದ ಅಗಲ ಎಲೆಗಳ ಸಂದಿಯಲ್ಲಿ ಒಂದು ನೀಲಿ ಚುಕ್ಕೆಯಿತ್ತು. ಫ್ರೇಸಿಯಾಳ ಅಂಗಳದಲ್ಲಿ ಮಳೆನೀರು ಹಿಡಿಯುವ ನೀಲಿ ಡ್ರಮ್ಮು ಇದೆ, ಅದೇ ಎಂದುಕೊಂಡಿದ್ದೆವು ನಾವೆಲ್ಲ. ಅಂಗಳವೇ ಅಲ್ಲವೆಂದ ಮೇಲೆ ಆ ನೀಲಿ ಏನು?

ಮೌಸನ್ನು ಆ ಮೂಲೆಗೆ ಒಯ್ದು ದೊಡ್ಡದು ಮಾಡಿದೆ. ನಮ್ಮ ಹಕ್ಕಿಗಳಿಗೆ ಮನುಷ್ಯರ ಭಯ ಕಡಿಮೆ. ಕೈಚಾಚುವ ದೂರದಿಂದ ಸಣ್ಣ ಕ್ಯಾಮೆರಾದಲ್ಲಿ ತೆಗೆದದ್ದರಿಂದ ಹಿಂದಿನದೂ ತಕ್ಕಮಟ್ಟಿಗೆ ಸ್ಪಷ್ಟವಾಗಿತ್ತು. ಕಣಿವೆಯ ಕೆಳಗಿನ ಉರುಟುಕಲ್ಲಿನ ದಡ. ಅದರ ಮೇಲೆ ಎಳೆದಿಟ್ಟ ಸಣ್ಣ ದೋಣಿಯ ಮೂತಿ. ಮೂತಿಯ ಎಡಗಡೆ ಚೌಕಾಕಾರದ ತಗಡಿನ ತೇಪೆ.

ಆ ತಗಡನ್ನು ಬಡಿದವರು ನನ್ನ ಅಪ್ಪ. ಆ ನೀಲಿ ಬಳಿದವಳು ನಾನು, ಮದುವೆಯಾದ ವರ್ಷ, ಶಾಲೆಯ ಕಿಟಕಿಗಳಿಗೆ ಬಳಿದು ಉಳಿದಿದ್ದ ಬಣ್ಣದಲ್ಲಿ. ಅದು ಉಲಿಸೆಸ್‌ನ ಸಣ್ಣ ದೋಣಿ, ನೀರಲ್ಲಿ ಲಂಗರು ಹಾಕಿದ ದೊಡ್ಡ ದೋಣಿಗೆ ಹೋಗಿಬರಲು ಇಟ್ಟದ್ದು.

ಫ್ರೇಸಿಯಾ ಈಗಲೂ ಪರದೆಯನ್ನು ನೋಡಲಿಲ್ಲ. ನೋಡುವ ಅಗತ್ಯ ಅವಳಿಗಿರಲಿಲ್ಲ. ಅವತ್ತು ಪುಟ್ಟ ಪರದೆಯಲ್ಲೇ ಆ ನೀಲಿಯನ್ನು ಗುರುತು ಹಿಡಿದು, ನಾನು ಬಾಯಿ ತೆರೆಯುವ ಮುಂಚೆ ‘ನಮ್ಮ ಅಂಗಳ’ ಎಂದುಬಿಟ್ಟಿದ್ದಳು.

"ಉಲಿಸೆಸ್ ಅವತ್ತು ಎಲ್ಲಿದ್ದ?" ಎಂದೆ.

"ನಿನಗೇ ಗೊತ್ತಲ್ಲ. ತನ್ನ ಗುರುತಿನ ಮೇಲೆ. ಇಡೀ ಊರು ಸಾಕ್ಷಿ ಹೇಳಿದೆ."

ಹೌದು, ಹೇಳಿತ್ತು. ಆ ಸಾಕ್ಷಿಯನ್ನು ನಾನೇ ಬರೆದುಕೊಂಡಿದ್ದೆ. ನಮ್ಮಲ್ಲಿ ಪ್ರತಿ ಮನೆತನಕ್ಕೂ ಸಮುದ್ರದಲ್ಲಿ ಅವರದೇ ಗುರುತುಗಳಿವೆ. ಬೆಟ್ಟದ ಇಂಥ ಮೂಲೆ ಇಂಥ ಬಂಡೆಯ ನೇರಕ್ಕೆ ಬಂದರೆ ಅಲ್ಲಿ ನಮ್ಮ ಲಾಬ್‌ಸ್ಟರ್ ಬೋನು ಇಳಿಸುವ ಜಾಗ. ತಾತನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಕಿವಿಯಲ್ಲಿ ಹೇಳುವ ಗುಟ್ಟು. ಒಬ್ಬನ ದೋಣಿ ಅವನ ಗುರುತಿನ ಮೇಲೆ ನಿಂತಿದ್ದರೆ ಇನ್ನೊಬ್ಬ ಅದರ ಹತ್ತಿರ ಸುಳಿಯುವುದಿಲ್ಲ. ಸುಳಿದರೆ ಅದು ಪಕ್ಕದ ಮನೆಯ ಮಲಗುವ ಕೋಣೆಗೆ ಇಣುಕಿದ ಹಾಗೆ. ಉಲಿಸೆಸ್‌ನ ದೊಡ್ಡ ದೋಣಿ ಅವತ್ತು ಬೆಳಗ್ಗೆಯಿಂದ ತನ್ನ ಗುರುತಿನ ಮೇಲೇ ನಿಂತಿತ್ತು ಎಂದು ಎಲ್ಲರೂ ದೂರದಿಂದ ನೋಡಿದ್ದರು. ಅದರೊಳಗೆ ಉಲಿಸೆಸ್ ಇದ್ದನೇ ಎಂದು ಯಾರೂ ನೋಡಿರಲಿಲ್ಲ, ನಾನೂ ಕೇಳಿರಲಿಲ್ಲ.

ಆ ಗುರುತು ನನಗೆ ಬಾಯಿಪಾಠ. ಅದು ನನ್ನ ಅಪ್ಪನದು. ಗಂಡುಮಕ್ಕಳಿಲ್ಲದ ಅಪ್ಪ ನನ್ನ ಮದುವೆಯ ದಿನ ಅಳಿಯನ ಕಿವಿಯಲ್ಲಿ ಹೇಳಿದ್ದರು. ಹೆಂಡತಿಯನ್ನು ಬಿಟ್ಟವನು ಗುರುತನ್ನು ಬಿಡಲಿಲ್ಲ. ಅಲ್ಲಿಂದ ಉರುಟುಕಲ್ಲಿನ ದಡಕ್ಕೆ ಸಣ್ಣ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಹೋಗಿ ಬರುವುದು ಸಲೀಸು.

"ತೊಮಾಸ್ ನಿನ್ನ ಮನೇಲೇ ಕೋಣೆ ಹಿಡಿದಿದ್ದ," ಎಂದೆ. "ಬೆಳಗ್ಗೆ ಟೀ, ಸಂಜೆ ಹಕ್ಕಿ ಮಾತು. ಉಲಿಸೆಸ್‌ಗೆ ಅದು ಹೇಗೆ ಕಾಣ್ತಿತ್ತು?"

"ನಿನ್ನ ಕೇಳಬೇಕು. ನಿನ್ನ ಜೊತೆ ಇದ್ದಾಗ ಅವನಿಗೆ ಹೊಟ್ಟೆಕಿಚ್ಚು ಬರ್ತಿತ್ತಾ?"

"ಇಲ್ಲ."

"ಅದೇ ನೋಡು," ಎಂದಳು ಮೆಲ್ಲಗೆ.

ಅವಳನ್ನು ಕುರ್ಚಿ ಸಮೇತ ಸಮುದ್ರಕ್ಕೆ ಎಸೆಯಬೇಕು ಎನ್ನಿಸಿತು. ನನ್ನ ವಿಷಯದಲ್ಲಿ ಉಲಿಸೆಸ್ ಒಂದು ದಿನವೂ ಮುಖ ಗಂಟಿಕ್ಕಿದವನಲ್ಲ. ನಾನು ಯಾರ ಜೊತೆ ನಕ್ಕರೂ ತನ್ನ ಪಾಡಿಗೆ ಹಗ್ಗ ಸುತ್ತುತ್ತಾ ಕೂರುತ್ತಿದ್ದ. ಅದನ್ನು ನಾನು ನಂಬಿಕೆ ಎಂದುಕೊಂಡಿದ್ದೆ. ಇವಳಿಗಾಗಿ ಕೊಲೆಯನ್ನೇ ಮಾಡಿದನೇ?

"ನೀನು ಅವನನ್ನ ಉಳಿಸೋಕೆ ಸುಳ್ಳು ಹೇಳಿದೆ," ಎಂದೆ. "ನಿನ್ನ ಅಂಗಳ ಅಂದ್ರೆ ಕೊಲೆ ನಿನ್ನ ತಲೆಗೇ ಬರತ್ತೆ ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಜೈಲಿಗೆ ಹೋಗ್ತೀಯ."

"ಹೋಗ್ತೀನಿ. ನೀನೂ ಅದನ್ನೇ ತಾನೆ ಬಯಸಿದ್ದು? ‘ಹಸಿರು ಹಕ್ಕಿ’ ಅಂತ ಬರ್ಕೋ. ನಾನು ಸಹಿ ಹಾಕ್ತೀನಿ. ಅವನು ಇಲ್ಲೇ ಉಳೀತಾನೆ. ಆಮೇಲೆ ನಿನಗೆ ಬೇಕಾದ್ರೆ ಇಟ್ಕೋ."

ಬೇಕಾದರೆ ಇಟ್ಟುಕೋ ಅಂತೆ. ಹಳೇ ಅಂಗಿ ವಾಪಸು ಕೊಡುವ ಹಾಗೆ.

ಅಷ್ಟರಲ್ಲಿ ರೇಡಿಯೋ ಗರಗರ ಎಂದಿತು. ಇನ್ಸ್‌ಪೆಕ್ಟರ್ ಲಾರ್ರೈನ್.

"ಸಾರ್ಜೆಂಟ್, ಹಡಗು ಹೊರಡೋ ಹೊತ್ತಾಯ್ತು. ಫೋಟೋ ಆ ಹೆಂಗಸಿನ ಅಂಗಳದ್ದು ತಾನೆ? ಯಾವ ಹಕ್ಕಿ ಅಂತ ಖಚಿತವಾಯ್ತಾ?"

ಫ್ರೇಸಿಯಾ ಬೆನ್ನು ನೆಟ್ಟಗೆ ಮಾಡಿ ಕೂತಳು. ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಮೊರೆ ಇತ್ತು.

‘ಹಸಿರು’ ಎಂಬ ಒಂದು ಮಾತು ಸಾಕಿತ್ತು. ಇವಳು ಹಡಗು ಹತ್ತುತ್ತಾಳೆ. ಉಲಿಸೆಸ್ ನನ್ನ ಕಣ್ಣೆದುರಿಗೇ ಉಳಿಯುತ್ತಾನೆ. ಒಂದು ವರ್ಷದಿಂದ ನಾನು ಮನಸ್ಸಿನಲ್ಲೇ ಕೇಳಿಕೊಳ್ಳುತ್ತಿದ್ದದ್ದು ಇದನ್ನೇ.

ಆಮೇಲೆ ಏನಾಗುತ್ತದೆ ಎಂದೂ ಕಂಡಿತು. ಖಂಡದಿಂದ ಪ್ರತಿ ಹಡಗು ಬಂದಾಗಲೂ ಅವನು ಕಟ್ಟೆಯ ಮೇಲೆ ನಿಂತು ಅವಳ ಸುದ್ದಿ ಕೇಳುತ್ತಾನೆ. ನನ್ನ ಅಡುಗೆ ಉಣ್ಣುತ್ತಾ ಅವಳನ್ನು ನೆನೆಯುತ್ತಾನೆ. ಅವನಿಗಾಗಿ ಜೈಲು ಸೇರಿದವಳು ಅವಳು. ನಾನು ಅವನಿಗಾಗಿ ಏನು ಮಾಡಿದೆ? ಬಟ್ಟೆ ಒಗೆದೆ. ಇಂಥ ತ್ಯಾಗದ ಮುಂದೆ ನಾನು ಮುದುಕಿಯಾಗುವವರೆಗೆ ಬದುಕಬೇಕೇ? ಎಲ್ಲವನ್ನೂ ತೆಗೆದುಕೊಂಡವಳು ಇದನ್ನೂ ತೆಗೆದುಕೊಳ್ಳುವುದು ಬೇಡ.

ಗುಂಡಿ ಒತ್ತಿದೆ. "ಸರ್, ಹಸಿರು ಹಕ್ಕಿ ಅಲ್ಲ. ಕೆಂಪು ಜಾತಿಯ ಹೆಣ್ಣು. ಫೋಟೋ ಅಂಗಳದ್ದಲ್ಲ, ಲೂಮಾ ಕಣಿವೆದು. ಹಿಂದೆ ದಡದಲ್ಲಿ ಒಂದು ದೋಣಿ ಕಾಣತ್ತೆ. ಉಲಿಸೆಸ್‌ದು."

ಹೇಳಿದ್ದು ಸತ್ಯವೇ. ಸತ್ಯಕ್ಕಾಗಿ ಹೇಳಲಿಲ್ಲ ಅಷ್ಟೇ.

"ಉಲಿಸೆಸ್ ಅಂದ್ರೆ ನಿಮ್ಮ..." ಇನ್ಸ್‌ಪೆಕ್ಟರ್ ತಡವರಿಸಿದರು.

"ಹೌದು ಸರ್. ನನ್ನ ಗಂಡ."

"ಹಾಗಾದ್ರೆ ಆತನನ್ನೇ ಹಡಗು ಹತ್ತಿಸಿ. ಕ್ಯಾಪ್ಟನ್‌ಗೆ ನಾನು ಹೇಳ್ತೀನಿ. ಸ್ವಲ್ಪ ಲೈನಲ್ಲೇ ಇರಿ."

ಫ್ರೇಸಿಯಾ ಎದ್ದು ನಿಂತಿದ್ದಳು. ಮುಖ ಬಿಳಿಚಿತ್ತು.

"ಅವನಲ್ಲ," ಎಂದಳು. "ಅವನ ಕೈಲಾಗಲ್ಲ ಅಕ್ಕ."

"ಕೈಲಾಗಲ್ಲ ಅಂದ್ರೆ?"

"ಹುಟ್ಟು ಹಾಕೋಕೆ ಆಗಲ್ಲ. ಚಳಿಗಾಲದಲ್ಲಿ ದೋಣಿ ದಡಕ್ಕೆ ಎಳೆಯೋವಾಗ ಬಲ ಭುಜ ಕಳಚಿಹೋಯ್ತು. ಇನ್ನೂ ಎದೆಗಿಂತ ಮೇಲೆ ಏಳಲ್ಲ. ಯಾರಿಗೂ ಹೇಳಬೇಡ ಅಂದ. ಕೈ ಇಲ್ಲದವನ ಗುರುತಿನ ಮೇಲೆ ಎಲ್ಲರೂ ಕಣ್ಣು ಹಾಕ್ತಾರಂತೆ."

"ಸುಳ್ಳು. ದಿನಾ ಲಾಬ್‌ಸ್ಟರ್ ತರ್ತಾನೆ."

"ಬೋನು ಎತ್ತೋಕೆ ದೊಡ್ಡ ದೋಣೀಲಿ ಮೋಟಾರಿದೆ. ರಾತ್ರಿ ಆ ಭುಜಕ್ಕೆ ಎಣ್ಣೆ ತಿಕ್ಕೋಳು ನಾನು. ನೀನು ಅವನನ್ನ ಅಂಗಿ ಇಲ್ಲದೆ ನೋಡಿ ವರ್ಷವಾಯ್ತಲ್ಲ, ನಿನಗೆ ಹೇಗೆ ಗೊತ್ತಾಗಬೇಕು?"

ಇದಕ್ಕಿಂತ ಅವಳು ಕಪಾಳಕ್ಕೆ ಹೊಡೆದಿದ್ದರೆ ವಾಸಿಯಿತ್ತು. ಆದರೂ ನಾನು ಪೊಲೀಸಿನವಳು, ಬಾಯಿ ತಾನಾಗಿಯೇ ಮುಂದಿನ ಪ್ರಶ್ನೆ ಕೇಳಿತು.

"ಮತ್ತೆ ದಡದಿಂದ ದೊಡ್ಡ ದೋಣಿಗೆ ಹೇಗೆ ಹೋಗ್ತಾನೆ?"

"ನಾನು ಬಿಡ್ತೀನಿ. ದಿನಾ, ಊರು ಏಳೋಕೆ ಮುಂಚೆ. ನಾನೇ ಹುಟ್ಟು ಹಾಕಿಕೊಂಡು ಹೋಗಿ, ಅವನನ್ನ ಹತ್ತಿಸಿ..."

ಅಲ್ಲಿಗೆ ನಿಲ್ಲಿಸಿದಳು. ಏನು ಹೇಳಿದೆ ಎಂಬುದು ಅವಳಿಗೂ ಆಗಲೇ ತಿಳಿದಿತ್ತು.

"ಅವನು ದೊಡ್ಡ ದೋಣಿ ಹತ್ತಿ ಗುರುತಿಗೆ ಹೋಗ್ತಾನೆ," ಎಂದೆ. "ಸಣ್ಣ ದೋಣಿ ಆಮೇಲೆ ಯಾರ ಹತ್ತಿರ ಇರತ್ತೆ, ಫ್ರೇಸಿಯಾ?"

ಹೊರಗೆ ಹಡಗು ಒಂದು ಸಲ ಕೂಗಿತು. ಅವಳು ನಿಧಾನವಾಗಿ ಮತ್ತೆ ಕುರ್ಚಿಯಲ್ಲಿ ಕೂತಳು.

"ನನ್ನ ಹತ್ತಿರ," ಎಂದಳು. "ಬರ್ಕೋ."

ಅವಳ ಮುಖವನ್ನು ನಾನು ಹೆಣ್ಣು ಹಕ್ಕಿಯನ್ನು ನೋಡಿದ ಹಾಗೆ ಇಂಚಿಂಚಾಗಿ ನೋಡಿದೆ. ಚಿಕ್ಕಂದಿನಿಂದ ನೋಡಿದ ಮುಖ. ಸಿಕ್ಕಿಬಿದ್ದ ಕೊಲೆಗಾತಿಯ ಮಾತೋ, ಅವನನ್ನು ಉಳಿಸಲು ಹೇಳಿದ ಇನ್ನೊಂದು ಸುಳ್ಳೋ, ನನಗೆ ತಿಳಿಯಲಿಲ್ಲ. ತಿಳಿಯಲು ಇದ್ದ ದಾರಿ ಒಂದೇ. ಕಟ್ಟೆಗೆ ಹೋಗಿ, ಹಡಗಿನ ಪಕ್ಕ ನಿಂತ ನನ್ನ ಗಂಡನಿಗೆ ಅಂಗಿ ಬಿಚ್ಚು, ಬಲಗೈ ಎತ್ತು ಎನ್ನಬೇಕು.

ರೇಡಿಯೋ ಮತ್ತೆ ಮಾತಾಡಿತು. "ಸಾರ್ಜೆಂಟ್, ಕ್ಯಾಪ್ಟನ್ ಕೇಳ್ತಿದಾರೆ. ಖೈದಿ ಗಂಡಸೋ ಹೆಂಗಸೋ?"